ನಡುವಿನ ಪೆಟ್ಟಿಗೆ ಮಾತಾಡಲಿಲ್ಲ



ನಮ್ಮ ಸಂಜಯನಗರದ ಮನೆಗೆ ಬಂದವರೆಲ್ಲರೂ ಹಜಾರದ ಮೂಲೆಮೂಲೆಗಳಲ್ಲಿ ಕುಳಿತಿರುವ ಕಪ್ಪು ಪೆಟ್ಟಿಗೆಗಳನ್ನು ನೋಡಿ, "ಏನ್ ಸಾರ್, ಮನೆಯನ್ನೇ ಥಿಯೇಟರ್ ಮಾಡಿಬಿಟ್ಟಿದ್ದೀರಿ!" ಎನ್ನುವುದುಂಟು. ಆ ಮಾತಿಗೆ ನಾನು ಇದುವರೆಗೆ ನಕ್ಕು ಸುಮ್ಮನಾಗುತ್ತಿದ್ದೆ. ಆ ಪೆಟ್ಟಿಗೆಗಳ ಹಿಂದೆ ನನ್ನದೊಂದು ತಪ್ಪೂ ಅಡಗಿರುವುದರಿಂದ ಅದನ್ನು ಬರೆದುಬಿಡುವುದೇ ಲೇಸೆಂದು ಈಗ ತೋರಿದೆ. ಡಿಶ್ಶಿನಿಂದ ಬರುವ ಧ್ವನಿಯನ್ನು ಆಂಪ್ಲಿಫೈಯರಿಗೆ ಜೋಡಿಸುವ ವಿಚಾರವೆಂದೊಡನೆ, ಮೇಷ್ಟರು ನಿವೃತ್ತಿಯ ಮೇಲೆ ರಿಪೇರಿ ಅಂಗಡಿ ತೆರೆದರೇ ಎಂದು ನೀವು ಹುಬ್ಬೇರಿಸಬಹುದು. ತುಸು ತಾಳಿ ಓದಿ. ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ವಯಸ್ಸಾದ ತಂದೆತಾಯಿಗಳಿದ್ದಾರೆ. ಕೆಲವರಿಗಂತೂ ನಿಮಗೇ ವಯಸ್ಸಾಗುತ್ತಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಐದಾರು ಸ್ಪೀಕರುಗಳ ಏರ್ಪಾಡನ್ನು ಮಾರುವವರು ಗುಡುಗು, ಗುಂಡಿನ ಸದ್ದು, ತಲೆಯ ಮೇಲೆ ಹಾರಿಹೋಗುವ ಹೆಲಿಕಾಪ್ಟರು ಇವುಗಳನ್ನೇ ಕೇಳಿಸಿ ಮಾರುತ್ತಾರೆ. ಆದರೆ ಮನೆಯಲ್ಲಿ ಅರುವತ್ತು ದಾಟಿದವರಿದ್ದರೆ ಆ ಏರ್ಪಾಡಿನಲ್ಲಿ ಅತ್ಯಂತ ಬೆಲೆಯುಳ್ಳದ್ದು ಟಿವಿಯ ಕೆಳಗೆ ಅಡ್ಡಲಾಗಿ ಮಲಗಿರುವ ನಡುವಿನ ಪೆಟ್ಟಿಗೆ. ಮನುಷ್ಯರ ಮಾತು ಬರಬೇಕಾದದ್ದು ಅದರಿಂದ. ಅದು ಬಾಯಿ ಬಿಡದಿದ್ದರೆ ಉಳಿದ ಪೆಟ್ಟಿಗೆಗಳು ಎಷ್ಟು ಆರ್ಭಟಿಸಿದರೂ ಬರಿಯ ಗದ್ದಲವೇ ಸರಿ. ಅದನ್ನು ಮಾತಾಡಿಸುವ ಬಗೆಯನ್ನು ಮಾರುವವರೂ ಹೇಳುವುದಿಲ್ಲ, ಜೋಡಿಸುವವರೂ ಹೇಳುವುದಿಲ್ಲ, ಕೊಂಡ ನಾವೂ ಕೇಳುವುದಿಲ್ಲ.

2019ರ ದೀಪಾವಳಿಗೆ ರಜೆಯ ಮೇಲೆ ಬಂದಿದ್ದ ಮಗ ಈ ಸಾಮಗ್ರಿಯನ್ನೆಲ್ಲ ತಂದುಕೊಟ್ಟ. ಒಂದು ಆಂಪ್ಲಿಫೈಯರು, ಮುಂದೆ ಎಡಬಲಕ್ಕೆ ಎರಡು, ನಡುವೆ ಒಂದು, ಬೆನ್ನ ಹಿಂದೆ ಎರಡು, ಮಂದ್ರಸ್ವರಕ್ಕೆಂದೇ ನೆಲದ ಮೇಲೆ ಕೂರುವ ದೊಡ್ಡದೊಂದು. ಇದನ್ನೇ 5.1 ಎನ್ನುತ್ತಾರೆ. ಅಂಗಡಿಯವರು ಕಳುಹಿಸಿದ ಹುಡುಗ ಮುಕ್ಕಾಲು ಗಂಟೆಯಲ್ಲಿ ಎಲ್ಲವನ್ನೂ ಜೋಡಿಸಿದ. ಸೆಟ್ ಟಾಪ್ ಬಾಕ್ಸಿನಿಂದ ಚಿತ್ರ ಒಂದು ಎಚ್‌ಡಿಎಂಐ ಕೇಬಲ್ಲಿನಲ್ಲಿ ಟಿವಿಗೆ ಹೋಯಿತು. ಧ್ವನಿ ಕೆಂಪು ಬಿಳಿ ತುದಿಗಳ ಹಳೆಯ ವೈರಿನಲ್ಲಿ ಆಂಪ್ಲಿಫೈಯರಿಗೆ ಹೋಯಿತು. ರಿಮೋಟಿನಲ್ಲಿ 'ಹಾಲ್' ಎಂಬ ಗುಂಡಿ ಒತ್ತಿ, "ಅಂಕಲ್, ಫುಲ್ ಥಿಯೇಟರ್ ಎಫೆಕ್ಟ್" ಎಂದ. ಹಿಂದಿನಿಂದಲೂ ಸದ್ದು ಬಂತು. ನನಗೆ ಬಹಳ ಸಂತೋಷವಾಯಿತು. ಹುಡುಗನಿಗೆ ಕಾಫಿ ಕೊಟ್ಟು, ಕೈಗೆ ನೂರು ರೂಪಾಯಿ ಇಟ್ಟು ಕಳುಹಿಸಿದೆ.

ಅಲ್ಲಿಂದ ಮುಂದಿನದು ಸಂತೋಷದ ಕಥೆಯಲ್ಲ.

ಸಂಜೆ ಏಳರಿಂದ ಒಂಬತ್ತರವರೆಗೆ ನಾವಿಬ್ಬರೂ ಟಿವಿಯ ಮುಂದೆ ಕೂರುವುದು ಬಹುಕಾಲದ ವಾಡಿಕೆ. ಕೆಲವು ತಿಂಗಳಲ್ಲೇ ನಮ್ಮಾಕೆ, "ರೀ, ಏನಂದ ಅವನು?" ಎಂದು ಕೇಳತೊಡಗಿದಳು. ಧ್ವನಿ ಏರಿಸಿದರೆ ಹಿನ್ನೆಲೆ ಸಂಗೀತವೂ ಏರುತ್ತಿತ್ತು. ಇಳಿಸಿದರೆ ಮಾತೇ ಇಲ್ಲ. ಆಸ್ತಿ ಜಗಳದ ಧಾರಾವಾಹಿಯೊಂದರಲ್ಲಿ ಕಿರಿಯ ಸೊಸೆ ಕಣ್ಣೀರಿಡುತ್ತ ಪಾಲು ಕೇಳುತ್ತಿದ್ದಳು. ನಮ್ಮಾಕೆ ಅದನ್ನು ಹಾಲು ಎಂದು ಕೇಳಿಸಿಕೊಂಡು, "ಒಂದು ಲೋಟ ಹಾಲಿಗೆ ಇಷ್ಟೊಂದು ರಂಪವೇ?" ಎಂದು ಕೇಳಿದಳು. ನಾನು ಹೊಟ್ಟೆ ಹಿಡಿದು ನಕ್ಕೆ. ಅಷ್ಟಕ್ಕೇ ಬಿಡಲಿಲ್ಲ, ಮುಂದಿನ ಭಾನುವಾರ ಬಂದಿದ್ದ ನೆಂಟರೆದುರು ಅದನ್ನೇ ಕಥೆಯಾಗಿ ಹೇಳಿ, "ಇವಳಿಗೆ ಕಿವಿ ಮಂದ, ಸ್ವಲ್ಪ ಜೋರಾಗಿ ಮಾತಾಡಿ" ಎಂದುಬಿಟ್ಟೆ. ಅವಳು ಏನೂ ಹೇಳಲಿಲ್ಲ. ಆ ವಾರದಿಂದ ಸಂಜೆ ಅಡುಗೆಮನೆಯಲ್ಲೇ ಉಳಿದಳು; ತರಕಾರಿ ಹೆಚ್ಚುವುದಿದೆ, ನಾಳೆಗೆ ನೆನೆಹಾಕುವುದಿದೆ ಎಂದು ನೆವ ಹೇಳುತ್ತ, ಗೂಡಿನಲ್ಲಿಟ್ಟಿದ್ದ ಹಳೆಯ ಟ್ರಾನ್ಸಿಸ್ಟರಿನಲ್ಲಿ ಆಕಾಶವಾಣಿ ಕೇಳುತ್ತ.

ಕಿವಿಯ ಪರೀಕ್ಷೆಯನ್ನೂ ಮಾಡಿಸಿದೆವು. ಮೇಲಿನ ಸ್ವರಗಳಲ್ಲಿ ಅಲ್ಪ ಇಳಿಕೆ, ವಯಸ್ಸಿಗೆ ಸಹಜವಾದದ್ದು ಎಂದು ಬರೆದುಕೊಟ್ಟರು. ನನ್ನ ವಾದಕ್ಕೆ ಅಷ್ಟೇ ಸಾಕಾಯಿತು. ಆದರೆ ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದ ನಾನು ಕಣ್ಣೆದುರಿನ ಒಂದು ಸಾಕ್ಷ್ಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕಿವಿ ಮಂದವಾದವಳು ಅಂಗೈ ಅಗಲದ ರೇಡಿಯೋದಲ್ಲಿ ಪ್ರದೇಶ ಸಮಾಚಾರವನ್ನು ಒಂದಕ್ಷರ ಬಿಡದೆ ಕೇಳಿ ನನಗೆ ವರದಿ ಒಪ್ಪಿಸುತ್ತಿದ್ದಳು. ಸಾವಿರಾರು ರೂಪಾಯಿಯ ಆರು ಪೆಟ್ಟಿಗೆಗಳಲ್ಲಿ ಕೇಳಿಸದ ಮಾತು ಆ ಡಬ್ಬಿಯಲ್ಲಿ ಹೇಗೆ ಕೇಳಿಸುತ್ತದೆ ಎಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. (1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿ ಕೇಂದ್ರದಿಂದ 'ಆಕಾಶವಾಣಿ' ಎಂಬ ಹೆಸರು ಇಡೀ ದೇಶಕ್ಕೆ ಹೋಯಿತು. ಆ ಹೆಸರಿನಲ್ಲಿರುವುದು ವಾಣಿ, ಅಂದರೆ ಮಾತು, ಎಂಬುದನ್ನು ಗಮನಿಸಬೇಕು.)

ಮಾತು ಕೇಳಿಸುವುದರ ಮರ್ಮವನ್ನು ಇಲ್ಲಿ ತುಸು ಹೇಳಬೇಕು. ಕಾಲು, ಸಾಲು, ಪಾಲು, ಹಾಲು ಈ ನಾಲ್ಕು ಪದಗಳನ್ನು ಉಚ್ಚರಿಸಿ ನೋಡಿ. ಸ್ವರ ಒಂದೇ, ಕೊನೆಯ 'ಲು' ಒಂದೇ. ಅರ್ಥವನ್ನು ಬೇರ್ಪಡಿಸುವುದು ಮೊದಲಿನ ವ್ಯಂಜನವೊಂದೇ. ಸ್ವರಗಳು ಕೆಳಗಿನ ಕಂಪನಗಳಲ್ಲಿ ಗಟ್ಟಿಯಾಗಿ ಬರುತ್ತವೆ. ಕಕಾರ, ಪಕಾರ, ಸಕಾರಗಳ ಗುರುತು ಇರುವುದು ಸೆಕೆಂಡಿಗೆ ಎರಡು ಸಾವಿರಕ್ಕೂ ಮೇಲ್ಪಟ್ಟ ಕಂಪನಗಳಲ್ಲಿ, ಅದೂ ಬಹಳ ಸಣ್ಣಗೆ, ಕ್ಷಣಾರ್ಧದಲ್ಲಿ. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಆ ಮೇಲಿನ ಪಾಲನ್ನೇ. ಆದ್ದರಿಂದ ಹಿರಿಯರು "ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ" ಎಂದರೆ ಅದು ಅಕ್ಷರಶಃ ನಿಜ. ಅಂಥ ಕಿವಿಗೆ ಒಂದೇ ಮಾತು ನಾಲ್ಕು ಮೂಲೆಗಳಿಂದ, ಮೇಲೊಂದಿಷ್ಟು ಕೃತಕ ಪ್ರತಿಧ್ವನಿಯೊಂದಿಗೆ, ಹೊಳೆಯುವ ಟೈಲ್ಸ್ ನೆಲಕ್ಕೂ ಬರಿಗೋಡೆಗೂ ಬಡಿದು ಬಂದರೆ ಉಳಿದಿದ್ದ ವ್ಯಂಜನವೂ ಕಲಸಿಹೋಗುತ್ತದೆ. 'ಹಾಲ್' ಗುಂಡಿ ಮಾಡುತ್ತಿದ್ದ ಕೆಲಸ ಅದೇ. ಅಡುಗೆಮನೆಯ ರೇಡಿಯೋದಲ್ಲಾದರೋ ಮಾತು ಒಂದೇ ಕಡೆಯಿಂದ, ಹತ್ತಿರದಿಂದ, ನೇರವಾಗಿ ಬರುತ್ತಿತ್ತು.

ಇದನ್ನು ಕಂಡುಹಿಡಿದವನು ನಾನೆಂದು ಹೇಳಿಕೊಳ್ಳಲಾರೆ. ಒಂದು ಯುಗಾದಿಯ ಮುನ್ನಾದಿನ ನಮ್ಮಾಕೆ ಧೂಳು ಹೊಡೆಯುತ್ತಿದ್ದಳು. ಟಿವಿಯಲ್ಲಿ ಯಾವುದೋ ಚರ್ಚೆ ನಡೆದಿತ್ತು. ನಡುವಿನ ಪೆಟ್ಟಿಗೆಯ ಮೇಲೆ ಬಟ್ಟೆಯಾಡಿಸುತ್ತಿದ್ದವಳು ಒಮ್ಮೆಲೇ ಬಗ್ಗಿ ಅದಕ್ಕೆ ಕಿವಿಯಿಟ್ಟಳು. ಮತ್ತೆ ಎಡಗಡೆಯದಕ್ಕೆ ಇಟ್ಟಳು. ಮತ್ತೆ ನಡುವಿನದಕ್ಕೆ.

"ರೀ, ಈ ಡಬ್ಬಿ ಯಾವತ್ತಾದರೂ ಮಾತಾಡಿದೆಯೇ?"

ನಾನೂ ಹೋಗಿ ಕಿವಿಯಿಟ್ಟೆ. ನಿಶ್ಶಬ್ದ. ತಂದ ದಿನದಿಂದ ಅದು ತುಟಿ ಬಿಚ್ಚಿರಲಿಲ್ಲ. ಕಿವಿ ಚೆನ್ನಾಗಿದೆಯೆಂದು ಹೇಳಿಕೊಳ್ಳುವ ನಾನು ಪ್ರತಿ ಸಂಜೆ ಅದರೆದುರೇ ಕುಳಿತು ಅದನ್ನು ಗಮನಿಸಿರಲಿಲ್ಲ. ಕಿವಿ ಮಂದವೆಂದು ನಾನು ನೆಂಟರೆದುರು ಸಾರಿದವಳು ಗಮನಿಸಿದಳು.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಒಂದು ಯೋಚನೆ ಕಾಡಿತು. ನಮ್ಮ ಬಡಾವಣೆಯ ಮಗ್ಗುಲಲ್ಲೇ, ನ್ಯೂ ಬಿಇಎಲ್ ರಸ್ತೆಯಲ್ಲಿ, ಇಸ್ರೋ ಸಂಸ್ಥೆಯ ಕೇಂದ್ರ ಕಚೇರಿಯಾದ ಅಂತರಿಕ್ಷ ಭವನವಿದೆ. ನನ್ನ ಬೆಳಗಿನ ನಡಿಗೆ ಅದರ ಮುಂದೆಯೇ. ಮನೆಮನೆಯ ಡಿಶ್ಶಿಗೆ ಟಿವಿ ತಲುಪಿಸಿದ ಇನ್ಸಾಟ್-4ಎ, 4ಬಿ ಉಪಗ್ರಹಗಳು ಬೆಂಗಳೂರಿನಲ್ಲಿ ಸಿದ್ಧವಾಗಿ, 2005 ಮತ್ತು 2007ರಲ್ಲಿ ಫ್ರೆಂಚ್ ಗಯಾನಾದ ಕೌರೂವಿನಿಂದ ಹಾರಿದವು. ಅಂಥವನ್ನು ಆಕಾಶದಲ್ಲಿ ಹದ್ದುಬಸ್ತಿನಲ್ಲಿಡುವ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲಿದೆ. ಭೂಸ್ಥಿರ ಉಪಗ್ರಹವಿರುವುದು ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಧ್ವನಿ ಮೇಲೇರಿ ಕೆಳಗಿಳಿಯುವಷ್ಟರಲ್ಲಿ 72 ಸಾವಿರ ಕಿಲೋಮೀಟರ್ ಸಾಗಿ, ಕಾಲು ಸೆಕೆಂಡಿನಲ್ಲಿ, ಅಕ್ಷರವೊಂದೂ ಸವೆಯದೆ ನಮ್ಮ ತಾರಸಿಯ ಡಿಶ್ಶಿಗೆ ಬಂದು ಬೀಳುತ್ತದೆ. ಅಷ್ಟು ದೂರ ಕೆಡದೆ ಬಂದದ್ದು ಟಿವಿಯ ಹಿಂದಿನ ಎರಡು ಮೊಳದ ವೈರಿನಲ್ಲಿ ಕೆಟ್ಟಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬುದು ಇದಕ್ಕೇ ಇರಬೇಕು. ಮತ್ತು ಈ ಪ್ರಸಂಗದಲ್ಲಿ ಪೂಜಾರಿ ನಾನೇ.

ಇನ್ನೊಂದು ನೆನಪೂ ಬಂತು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿವಿ ತೋರಿಸಿದರು. 'ಸೈಟ್' ಎಂದು ಆ ಪ್ರಯೋಗದ ಹೆಸರು. ನಮ್ಮ ಕಡೆ ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ತಂತಿ ಬಲೆಯ ಹತ್ತಡಿ ಅಗಲದ ಡಿಶ್ಶು, ಶಾಲೆಯ ಅಂಗಳದಲ್ಲಿ ಒಂದು ಟಿವಿ, ಮುಂದೆ ಇಡೀ ಊರು. ಆ ಏರ್ಪಾಡಿನಲ್ಲಿ ಒಂದು ಚಿತ್ರದೊಡನೆ ಎರಡು ಧ್ವನಿಮಾರ್ಗಗಳಿದ್ದವು: ಅದೇ ಚಿತ್ರಕ್ಕೆ ಒಂದು ಮಾರ್ಗದಲ್ಲಿ ತೆಲುಗು, ಇನ್ನೊಂದರಲ್ಲಿ ಕನ್ನಡ. ಚಿತ್ರ ಕಪ್ಪುಬಿಳುಪಾಗಿದ್ದರೂ ಸರಿ, ಮಾತು ಕೇಳುವವನಿಗೆ ಅರ್ಥವಾಗಬೇಕು ಎಂದು ಯೋಚಿಸಿದ ಯಾರೋ ಅಲ್ಲಿದ್ದರು. ಐವತ್ತು ವರ್ಷಗಳಲ್ಲಿ ಚಿತ್ರ ಎಷ್ಟು ಸುಧಾರಿಸಿತೆಂದರೆ ನಟಿಯ ಮೂಗುಬೊಟ್ಟಿನ ಹರಳನ್ನೂ ಎಣಿಸಬಹುದು. ಆದರೆ ಆಕೆ ಏನೆಂದಳೆಂದು ಪಕ್ಕದವರನ್ನು ಕೇಳಬೇಕು.

ಮರುದಿನ ಬೇವುಬೆಲ್ಲ ತಿಂದವನೇ ಟಾರ್ಚ್ ಹಿಡಿದು ಸೆಟ್ ಟಾಪ್ ಬಾಕ್ಸಿನ ಬೆನ್ನು ನೋಡಿದೆ. ಕೆಂಪು ಬಿಳಿ ತೂತುಗಳ ಪಕ್ಕದಲ್ಲಿ ಪುಟ್ಟದೊಂದು ಚೌಕಾಕಾರದ ಕಿಂಡಿ. ಒಳಗಿನಿಂದ ಕೆಂಪು ಬೆಳಕು ಮಿನುಗುತ್ತಿತ್ತು. ಅಂಥದೇ ಕಿಂಡಿ ಆಂಪ್ಲಿಫೈಯರಿನ ಬೆನ್ನಿನಲ್ಲೂ ಇತ್ತು. 'ಆಪ್ಟಿಕಲ್' ಎಂದು ಬರೆದಿತ್ತು. ಶಿಷ್ಯರೇ, ನಿಮಗೆ ನೆನಪಿದೆಯೇ? ಗಾಜಿನ ಲೋಟದ ನೀರಿಗೆ ಎರಡು ತೊಟ್ಟು ಹಾಲು ಬೆರೆಸಿ, ಓರೆಯಾಗಿ ಬೆಳಕಿನ ಕಿರಣ ಬಿಟ್ಟು, ಅದು ನೀರಿನ ಮೇಲ್ಮೈಯಿಂದ ಹೊರಬರಲಾರದೆ ಒಳಕ್ಕೇ ಹಿಂತಿರುಗುವುದನ್ನು ತೋರಿಸುತ್ತಿದ್ದೆನಲ್ಲ! ಪೂರ್ಣ ಆಂತರಿಕ ಪ್ರತಿಫಲನ. ಅದೇ ತತ್ತ್ವದ ಮೇಲೆ ಪ್ಲಾಸ್ಟಿಕ್ ಎಳೆಯೊಳಗೆ ಬೆಳಕನ್ನು ಹರಿಸಿ, ಆ ಬೆಳಕಿನ ಮಿಣುಕುಗಳಲ್ಲೇ ಧ್ವನಿಯನ್ನು ಒಯ್ಯುವ ಈ ಏರ್ಪಾಡನ್ನು ಜಪಾನಿನ ತೋಷಿಬಾ ಕಂಪನಿ 1983ರಲ್ಲೇ ತಂದಿತ್ತು. ಅದನ್ನು ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆ ಕೇಳುತ್ತಿದ್ದ ಮೇಷ್ಟರ ಮನೆಯಲ್ಲೇ ಆ ಕೆಂಪು ದೀಪ ವರ್ಷಗಟ್ಟಲೆ ಗೋಡೆಯ ಕಡೆ ಮುಖಮಾಡಿ ಉರಿಯುತ್ತಿತ್ತು. ದೀಪದ ಬುಡ ಕತ್ತಲೆ.

ಕೇಬಲ್ಲಿಗೆಂದು ಎಸ್. ಪಿ. ರಸ್ತೆಗೆ ಹೋದೆ. ಅಂಗಡಿಯಾತ ಎರಡು ಬಗೆ ತೋರಿಸಿದ: ಒಂದು ಮುನ್ನೂರು ರೂಪಾಯಿಯೊಳಗಿನದು, ಇನ್ನೊಂದು ಅದರ ಐದುಪಟ್ಟು ಬೆಲೆಯದು. ಏನು ವ್ಯತ್ಯಾಸವೆಂದರೆ, ತುದಿಗೆ ಚಿನ್ನದ ಲೇಪವಿದೆಯಂತೆ. ತಾಮ್ರದ ತಂತಿಯ ತುದಿಗೆ ಚಿನ್ನ ಬಳಿದರೆ ತುಕ್ಕು ಹಿಡಿಯದು, ಒಪ್ಪೋಣ. ಬೆಳಕು ಹರಿಯುವ ಪ್ಲಾಸ್ಟಿಕ್ಕಿಗೆ ಚಿನ್ನವೇಕಪ್ಪಾ ಎಂದು ಕೇಳಿದೆ. ಆತ ನಕ್ಕು ಅಗ್ಗದ್ದನ್ನೇ ಕಟ್ಟಿಕೊಟ್ಟ. ಮನೆಗೆ ಬಂದು ಚುಚ್ಚಿದರೆ ಸದ್ದೇ ಇಲ್ಲ. ಅರ್ಧ ಗಂಟೆ ಒದ್ದಾಡಿದ ಮೇಲೆ ತಿಳಿಯಿತು, ಎರಡೂ ತುದಿಗಳಿಗೆ ತೊಡಿಸಿದ್ದ ಪಾರದರ್ಶಕ ಟೊಪ್ಪಿಗೆಗಳನ್ನು ನಾನು ಕಳಚಿರಲಿಲ್ಲ. (ನಗಬೇಡಿ. ನೀವೂ ಇದನ್ನು ಮಾಡುವಿರಿ.) ಕಳಚಿ ಒತ್ತಿದಾಗ 'ಟಕ್' ಎಂದು ಕೂತಿತು. ಈ ಕೇಬಲ್ಲನ್ನು ಚೂಪಾಗಿ ಮಡಿಸಬಾರದು; ಮಡಿಸಿದರೆ ಬೆಳಕು ಸೋರಿಹೋಗುತ್ತದೆ.

ಸದ್ದು ಬಂತು, ಆದರೆ ನಡುವಿನ ಪೆಟ್ಟಿಗೆ ಇನ್ನೂ ಮೌನ. ಆಂಪ್ಲಿಫೈಯರಿನ ಪರದೆಯ ಮೇಲೆ 'ಪಿಸಿಎಂ' ಎಂಬ ಮೂರಕ್ಷರ. ಇದರ ಲೆಕ್ಕವನ್ನು ಹೇಳುತ್ತೇನೆ. ಲೆಕ್ಕ ಬೇಡವಾದವರು ಈ ಪ್ಯಾರಾ ದಾಟಿ ಮುಂದೆ ಹೋಗಬಹುದು. ಧ್ವನಿಯನ್ನು ಸೆಕೆಂಡಿಗೆ 48 ಸಾವಿರ ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆದರೆ, ಎಡಬಲ ಎರಡು ಮಾರ್ಗಗಳಿಗೆ ಸೆಕೆಂಡಿಗೆ 15 ಲಕ್ಷದ 36 ಸಾವಿರ ಬಿಟ್ ಆಗುತ್ತದೆ. ಹೀಗೆ ಹಸಿಹಸಿಯಾಗಿ ಕಳುಹಿಸುವುದೇ ಪಿಸಿಎಂ. ಈ ಬೆಳಕಿನ ಕೊಳವೆಯ ನಿಯಮದಂತೆ ಅದರಲ್ಲಿ ಹಸಿ ಧ್ವನಿಗೆ ಎರಡೇ ಮಾರ್ಗ. ಆರು ಮಾರ್ಗಕ್ಕೆ ಅದರ ಮೂರರಷ್ಟು ಜಾಗ ಬೇಕು. ಆದ್ದರಿಂದ ಆರನ್ನೂ ಒತ್ತಿ ಮಡಿಸಿ ಒಂದು ಗಂಟು ಕಟ್ಟುತ್ತಾರೆ. ಚಿತ್ರಮಂದಿರಕ್ಕೆ 1992ರಲ್ಲಿ ಬಂದ ಡಾಲ್ಬಿ ಡಿಜಿಟಲ್ ಅಂಥ ಗಂಟು. ಡಿವಿಡಿಗಳಲ್ಲಿ ಆರು ಮಾರ್ಗಗಳೂ ಸೆಕೆಂಡಿಗೆ 4 ಲಕ್ಷದ 48 ಸಾವಿರ ಬಿಟ್‌ನಲ್ಲಿ ಅಡಕವಾಗುತ್ತಿದ್ದವು. ಕೊಳವೆಯಲ್ಲಿ ಸಲೀಸಾಗಿ ಹಿಡಿಯುತ್ತದೆ. ಆ ಗಂಟನ್ನು ಬಿಚ್ಚಬೇಕಾದದ್ದು ಆಂಪ್ಲಿಫೈಯರು. ನಮ್ಮ ಸೆಟ್ ಟಾಪ್ ಬಾಕ್ಸು ಏನು ಮಾಡುತ್ತಿತ್ತೆಂದರೆ, ಗಂಟನ್ನು ತಾನೇ ಬಿಚ್ಚಿ, ಆರನ್ನು ಎರಡಕ್ಕೆ ಕಲಸಿ, ನಡುವಿನ ಮಾತನ್ನು ಎಡಬಲಕ್ಕೆ ಹಂಚಿ ಕಳುಹಿಸುತ್ತಿತ್ತು. ಬೇರೆಯಾಗಿ ಬಂದ ಮಾತನ್ನು ಗದ್ದಲದೊಡನೆ ಕಲಸಿದ್ದು ಅಲ್ಲಿಯೇ.

ಪರಿಹಾರ ಎರಡು ನಿಮಿಷದ್ದು. ರಿಮೋಟಿನಲ್ಲಿ ಮೆನು, ಸೆಟ್ಟಿಂಗ್ಸ್, ಆಡಿಯೋ. ಅಲ್ಲಿ 'ಪಿಸಿಎಂ' ಇದ್ದುದನ್ನು 'ಡಾಲ್ಬಿ ಡಿಜಿಟಲ್' ಎಂದು ಬದಲಿಸಿದೆ. ಒಂದು ಎಚ್‌ಡಿ ಚಾನೆಲ್ಲಿನಲ್ಲಿ ಇಂಗ್ಲಿಷ್ ಚಲನಚಿತ್ರ ಬರುತ್ತಿತ್ತು. ಆಂಪ್ಲಿಫೈಯರಿನ ಪರದೆಯಲ್ಲಿ ಆರು ಚೌಕಗಳು ಒಟ್ಟಿಗೆ ಬೆಳಗಿದವು, ನಡುವಿನ ಪೆಟ್ಟಿಗೆ ಬಾಯಿಬಿಟ್ಟಿತು. ಅಡುಗೆಮನೆಯಿಂದ ನಮ್ಮಾಕೆ, "ಯಾರು ಬಂದಿದ್ದಾರೆ?" ಎಂದು ಕೇಳುತ್ತ ಹೊರಬಂದಳು.

ಇಲ್ಲಿಗೆ ಮುಗಿಯಿತೆಂದುಕೊಂಡೆ. ಕನ್ನಡ ಧಾರಾವಾಹಿಗೆ ತಿರುಗಿಸಿದರೆ ಮತ್ತೆ ಎರಡೇ ಚೌಕ! ಆ ಕಾರ್ಯಕ್ರಮ ಮೇಲಿನಿಂದಲೇ ಎರಡು ಮಾರ್ಗಗಳಲ್ಲಿ ಬರುತ್ತಿತ್ತು. ಡಬ್ಬಿಯ ಮೇಲೆ ಡಾಲ್ಬಿ ಎಂದು ಅಚ್ಚು ಹಾಕಿದ ಮಾತ್ರಕ್ಕೆ ಬರುವ ಕಾರ್ಯಕ್ರಮವೆಲ್ಲ ಆರು ಮಾರ್ಗದ್ದಾಗುವುದಿಲ್ಲ. ಬಾವಿಯಲ್ಲಿಲ್ಲದ್ದು ಕೊಡಕ್ಕೆ ಬಾರದು. ಆಗ ಆಂಪ್ಲಿಫೈಯರಿನ ಇಂಗ್ಲಿಷ್ ಕೈಪಿಡಿಯನ್ನು ಮೊದಲ ಸಲ ಆಮೂಲಾಗ್ರ ಓದಿದೆ. 'ಪ್ರೊಲಾಜಿಕ್' ಎಂಬ ಇನ್ನೊಂದು ಗುಂಡಿಯಿತ್ತು. ಎಡಬಲಗಳೆರಡರಲ್ಲೂ ಸಮನಾಗಿರುವುದನ್ನು ಹೆಕ್ಕಿ ನಡುವಿಗೆ ಕಳುಹಿಸುವುದು ಅದರ ಕೆಲಸ. ಮಾತು ಸಾಮಾನ್ಯವಾಗಿ ಎರಡರಲ್ಲೂ ಸಮನಾಗಿರುತ್ತದೆ, ಸಂಗೀತವೇ ಹರಡಿಕೊಂಡಿರುವುದು. ಒತ್ತಿದೊಡನೆ ಮಾತು ನಡುವಿಗೆ ಬಂದು ನಿಂತಿತು. ನಿಜ ಹೇಳಬೇಕೆಂದರೆ, ಈ ಗುಂಡಿ ಹಳೆಯ ಕೆಂಪು ಬಿಳಿ ವೈರಿನಲ್ಲೂ ಕೆಲಸ ಮಾಡುತ್ತಿತ್ತು. ಅಂದರೆ ಆ ಹುಡುಗ ಮೊದಲ ದಿನ 'ಹಾಲ್' ಬದಲು ಇದನ್ನು ಒತ್ತಿದ್ದರೆ, ಅಥವಾ ನಾನೇ ಒಂದು ಮಧ್ಯಾಹ್ನ ಕೈಪಿಡಿ ಓದಿದ್ದರೆ, ನಮ್ಮ ಮನೆಯ ಕಷ್ಟದಲ್ಲಿ ಅರ್ಧ ಅಂದೇ ತೀರುತ್ತಿತ್ತು.

ವಾರದ ಮೇಲೆ ನಮ್ಮಾಕೆ ಹೇಳಿದಳು: "ಈಗ ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿಸುತ್ತದೆ ರೀ. ಅದಕ್ಕೇ ಆ ಧಾರಾವಾಹಿ ಬಿಟ್ಟೆ." ಅದರ ಬದಲು 1977ರ 'ಬಭ್ರುವಾಹನ' ಹಾಕಿದೆವು. ಹಳೆಯ ಚಿತ್ರಗಳ ಒಂದೇ ಮಾರ್ಗದ ಧ್ವನಿ ಈ ಗುಂಡಿಯಿಂದ ಪೂರ್ತಿಯಾಗಿ ನಡುವಿನ ಪೆಟ್ಟಿಗೆಗೇ ಹೋಗುತ್ತದೆ. ತಂದೆಯೂ ಮಗನೂ ಆಗಿ ರಾಜಕುಮಾರರು ಎದುರುಬದುರು ನಿಂತು ಆಡುವ ಮಾತುಗಳಲ್ಲಿ ಮಹಾಪ್ರಾಣ ಮಹಾಪ್ರಾಣವಾಗಿಯೇ ಕೇಳಿಸಿತು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದ ನಾಲಗೆಯದು. ಕಡೆಯ ಸಾಲಿನವನಿಗೂ ಮಾತು ಮುಟ್ಟಿಸುವುದೇ ಅಲ್ಲಿನ ಮೊದಲ ಪಾಠ. ಈಗಿನ ಧಾರಾವಾಹಿಗಳಲ್ಲಿ ನಟರು ಪಿಸುಗುಡುತ್ತಾರೆ, ಮೇಲೆ ಡೋಲು ಬಡಿಯುತ್ತಾರೆ.

ತುಟಿಯ ಚಲನೆಗೂ ಮಾತಿಗೂ ಹೊಂದಾಣಿಕೆ ತಪ್ಪಿದ್ದನ್ನೂ ಹೇಳಬೇಕು. ಈಗಿನ ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸಲು ತುಸು ಕಾಲ ತೆಗೆದುಕೊಳ್ಳುತ್ತದೆ. ಬೇರೆ ದಾರಿಯಲ್ಲಿ ಹೋದ ಧ್ವನಿ ಅಷ್ಟರಲ್ಲಿ ಮುಂದೆ ಹೋಗಿಬಿಡುತ್ತದೆ. ಧ್ವನಿ ಚಿತ್ರಕ್ಕಿಂತ 45 ಮಿಲಿಸೆಕೆಂಡು ಮೊದಲು ಬಂದರೂ ಜನ ಗುರುತಿಸುತ್ತಾರೆ, ಹಿಂದೆ ಬಿದ್ದರೆ ಮಾತ್ರ ಸುಮಾರು 125ರವರೆಗೆ ಗೊತ್ತಾಗುವುದಿಲ್ಲ ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಕಾರಣ ಊಹಿಸುವುದು ಕಷ್ಟವಲ್ಲ. ಕೆರೆಯ ಆಚೆ ದಡದಲ್ಲಿ ಬಟ್ಟೆ ಕಲ್ಲಿಗೆ ಬಿದ್ದದ್ದು ಕಂಡ ಮೇಲೆ ಸದ್ದು ಕೇಳುವುದು ನಮಗೆ ಹುಟ್ಟಿನಿಂದ ರೂಢಿ. ಬಟ್ಟೆ ಬೀಳುವ ಮೊದಲೇ ಸದ್ದು ಕೇಳುವ ಲೋಕದಲ್ಲಿ ನಾವು ಬಾಳಿಲ್ಲ. ಆಂಪ್ಲಿಫೈಯರಿನಲ್ಲಿ 'ಲಿಪ್ ಸಿಂಕ್' ಎಂಬಲ್ಲಿ ಧ್ವನಿಯನ್ನು 80 ಮಿಲಿಸೆಕೆಂಡು ತಡಮಾಡಿದೆ, ಸರಿಹೋಯಿತು. ತುಟಿ ನೋಡಿ ಅರ್ಧ ಮಾತು ಊಹಿಸುವ ಹಿರಿಯರಿಗೆ ಇದು ಸಣ್ಣ ವಿಷಯವಲ್ಲ.

ಅಣ್ಣನ ಮಗ ಇದನ್ನೆಲ್ಲ ಕೇಳಿ, "ಚಿಕ್ಕಪ್ಪ, ಇಷ್ಟೆಲ್ಲ ರಗಳೆ ಯಾಕೆ, ಒಂದು ಸೌಂಡ್ ಬಾರ್ ತಗೊಳ್ಳಿ, ಆಪ್ಟಿಕಲ್ ಎಲ್ಲ ಹಳೇದಾಯ್ತು" ಎಂದ. ಅರ್ಧ ಸರಿ. ಈಗಿನ ಕೆಲವು ಬಾಕ್ಸುಗಳಲ್ಲಿ ಆ ಕೆಂಪು ಕಿಂಡಿಯೇ ಇರುವುದಿಲ್ಲ. ಅಂಥವರು ಬಾಕ್ಸಿನ ಎಚ್‌ಡಿಎಂಐ ಕೇಬಲ್ಲನ್ನು ಮೊದಲು ಆಂಪ್ಲಿಫೈಯರಿಗೆ ಕೊಟ್ಟು ಅಲ್ಲಿಂದ ಟಿವಿಗೆ ಒಯ್ಯಬೇಕು. ಇಲ್ಲವೇ ಟಿವಿಯಲ್ಲಿ 'ಎಆರ್‌ಸಿ' ಎಂದು ಬರೆದ ಎಚ್‌ಡಿಎಂಐ ಕಿಂಡಿಯಿಂದ ಧ್ವನಿಯನ್ನು ಹಿಂದಕ್ಕೆ ತರಬೇಕು. 2009ರಿಂದ ಈ ಸೌಲಭ್ಯ ಬಂದಿದೆ. ಆದರೆ ಅಲ್ಲಿಯೂ ಟಿವಿಯ ಮೆನುವಿನಲ್ಲಿ ಅದೇ 'ಪಿಸಿಎಂ' ಕಾದು ಕುಳಿತಿರುತ್ತದೆ. ಅದನ್ನು ತಪ್ಪಿಸದೆ ಎಷ್ಟು ಹೊಸ ಸಾಮಾನು ತಂದರೂ ಹಳೆಯ ಕಥೆಯೇ.

ನನ್ನ ತಕರಾರು ಇರುವುದು ಇಲ್ಲಿ. ಬಾಕ್ಸು ಜೋಡಿಸಲು ಬರುವವನು "ಇದರ ಧ್ವನಿ ಎಲ್ಲಿಗೆ ಹೋಗುತ್ತದೆ?" ಎಂದು ಒಂದು ಪ್ರಶ್ನೆ ಕೇಳಬಾರದೇ? ಆ ಹುಡುಗನನ್ನು ದೂರುತ್ತಿಲ್ಲ. ಅವನಿಗೆ ದಿನಕ್ಕೆ ಹತ್ತು ಮನೆ, ಯಾರೂ ಅವನಿಗೆ ಕಲಿಸಿಲ್ಲ. ತಿಂಗಳು ತಿಂಗಳೂ ನಮ್ಮಿಂದ ಹಣ ಪಡೆಯುವವರು ಒಂದು ಹಾಳೆಯ ಕನ್ನಡ ಸೂಚನೆಯನ್ನಾದರೂ ಕೊಡಬಾರದೇ? ನನಗೆ ಇಂಗ್ಲಿಷ್ ಕೈಪಿಡಿ ಓದಲು ಬಂತು, ಕಾಲವೂ ಇತ್ತು. ಭೂಪಸಂದ್ರದಲ್ಲೋ ನಾಗಶೆಟ್ಟಿಹಳ್ಳಿಯಲ್ಲೋ ಒಂಟಿಯಾಗಿರುವ ಅಜ್ಜಿಯೊಬ್ಬಳು 'ಪಿಸಿಎಂ' ಎಂಬುದನ್ನು ಎಲ್ಲಿಂದ ತಿಳಿಯಬೇಕು? ಆಕೆ ಧ್ವನಿ ಏರಿಸುತ್ತಾಳೆ. ಗೋಡೆಗೆ ಗೋಡೆ ಅಂಟಿದ ನಮ್ಮ ಬಡಾವಣೆಗಳಲ್ಲಿ ಪಕ್ಕದವರು ಬಾಗಿಲು ತಟ್ಟುತ್ತಾರೆ. ಕಡೆಗೆ ಟಿವಿ ಆರಿಸಿ ಸುಮ್ಮನೆ ಕೂರುತ್ತಾಳೆ. ಇನ್ನು ಕನ್ನಡ ವಾಹಿನಿಯವರು ಮಾತನ್ನು ತನ್ನದೇ ಮಾರ್ಗದಲ್ಲಿ ಬೇರೆಯಾಗಿ ಕಳುಹಿಸಿದರೆ, ಬೇಕಾದವರು ಅದೊಂದನ್ನೇ ಎರಡು ಮೆಟ್ಟಿಲು ಏರಿಸಿಕೊಂಡಾರು. ನಾನು ಈಗ ಆರು ಮಾರ್ಗದ ಚಿತ್ರಗಳಲ್ಲಿ ಮಾಡುತ್ತಿರುವುದು ಅದನ್ನೇ: ನಡುವಿನದನ್ನು ಏರಿಸಿ, ಹಿಂದಿನವನ್ನು ಇಳಿಸಿ, ರಾತ್ರಿಯಾದರೆ 'ನೈಟ್ ಮೋಡ್' ಹಾಕಿ. ನೆಲಕ್ಕೊಂದು ಜಮಖಾನ ಹಾಸಿದ್ದೂ ಬಹಳ ಪ್ರಯೋಜನವಾಯಿತು. ಅದು ಮಗಳ ಮದುವೆಯದು, ಅಟ್ಟದಲ್ಲಿತ್ತು.

ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ಅಪಚಾರವಾದೀತು. ವೈರು ಸರಿಯಾಯಿತೆಂದು ಕಿವಿಯನ್ನು ಮರೆಯಬಾರದು. ನಮ್ಮಾಕೆಯ ಮೇಲಿನ ಸ್ವರಗಳ ಇಳಿಕೆ ಸುಳ್ಳಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮುಂದಿನ ಸಲ ತಂಗಿಯ ಮನೆಗೆ ಹೋದಾಗ ಅಲ್ಲಿ ತೋರಿಸಿಕೊಂಡು ಬರುವುದೆಂದು ನಿಶ್ಚಯಿಸಿದ್ದೇವೆ. ನನ್ನ ಕಿವಿಯನ್ನೂ ತೋರಿಸಬೇಕೆಂಬುದು ಅವಳ ಷರತ್ತು. ಒಪ್ಪಿದ್ದೇನೆ.

ಕ್ಷಮೆ ಕೇಳಿದಿರಾ ಸಾರ್ ಎಂದು ನಿಮ್ಮಲ್ಲಿ ಕೆಲವರಾದರೂ ಕೇಳುವಿರಿ. ಅದೇ ನೆಂಟರು ಮೊನ್ನೆ ಮತ್ತೆ ಬಂದಿದ್ದರು. ನಡುವಿನ ಪೆಟ್ಟಿಗೆಯ ಕಥೆಯನ್ನು ಮೊದಲಿನಿಂದ ಹೇಳಿ, ಕಂಡುಹಿಡಿದವರು ಯಾರೆಂಬುದನ್ನೂ ಹೇಳಿದೆ. ಅಂದು ಕಾಫಿ ನಾನೇ ಬೆರೆಸಿದೆ. ಡಿಕಾಕ್ಷನ್ ತೆಳುವಾಗಿದೆ ಎಂದು ನಮ್ಮಾಕೆ ಅಡುಗೆಮನೆಯಿಂದ ಮೆಲ್ಲಗೆ ಹೇಳಿದ್ದು ಹಜಾರದಲ್ಲಿದ್ದ ನನಗೆ ಚೆನ್ನಾಗಿಯೇ ಕೇಳಿಸಿತು.